ಟಿಕೆಟ್ ಎರಡು, ಘಾಟಿ ಒಂದೇ: ಗಾಳಿಮಳೆಯ ವಾರದ ಒಂದು ಪ್ರಯಾಣ

ಉಡುಪಿ ಜಿಲ್ಲೆಯ ಒಂದು ಕುಟುಂಬ 2024ರ ಜುಲೈ ಕೊನೆಯಲ್ಲಿ ಮಗಳನ್ನು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ತಲುಪಿಸಿದ ಪ್ರಕರಣ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು, ಊರು, ಉದ್ಯೋಗ ಹೇಳಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಾರಿ ಮತ್ತು ತಾರೀಕುಗಳನ್ನು ಮುಟ್ಟಿಲ್ಲ, ಏಕೆಂದರೆ ಈ ಪ್ರಕರಣದ ತಿರುಳೆಲ್ಲ ಅವುಗಳಲ್ಲೇ ಇದೆ. ಮಳೆಗಾಲದಲ್ಲಿ ಘಟ್ಟ ಹತ್ತಲೇಬೇಕಾದ ಕರಾವಳಿಯ ಯಾವ ಮನೆಗೂ ಇಂಥ ಸಂದರ್ಭ ಬರಬಹುದು.

ಹಿನ್ನೆಲೆ

ಉಡುಪಿಯಿಂದ ಸಾಕಷ್ಟು ಒಳಗೆ, ಅಡಿಕೆ ತೋಟದ ನಡುವೆ ಮನೆ. ತಂದೆ, ತಾಯಿ, ಎಂಬತ್ತು ದಾಟಿದ ಅಜ್ಜಿ, ಎಂಜಿನಿಯರಿಂಗ್ ಮುಗಿಸಿ ಅಮೆರಿಕದಲ್ಲಿ ಎಂ.ಎಸ್. ಸೀಟು ಪಡೆದ ಮಗಳು. ತಾಯಿಯ ತಮ್ಮ ಬಾಡಿಗೆ ಕಾರು ಓಡಿಸುವವರು, ಎಲ್ಲ ಘಾಟಿಗಳಲ್ಲೂ ಹಗಲು ರಾತ್ರಿ ಓಡಾಡಿ ಬಲ್ಲವರು. ಮುಂದೆ ‘ಮಾವ’ ಎಂದು ಬರುವುದು ಅವರೇ.

ವಿಮಾನ ಆಗಸ್ಟ್ 3ರ ನಸುಕಿನಲ್ಲಿ. 2ರ ರಾತ್ರಿ ಹತ್ತು ಗಂಟೆಯ ಒಳಗೆ ದೇವನಹಳ್ಳಿ ಸೇರಿರಬೇಕು. 4ಕ್ಕೆ ಆಟಿ ಅಮಾವಾಸ್ಯೆ. ತುಳುವರ ಆಟಿ ತಿಂಗಳಲ್ಲಿ ದೂರದ ಪ್ರಯಾಣವೇ ಬೇಡ ಎನ್ನುತ್ತಿದ್ದ ಅಜ್ಜಿ, ಅಮಾವಾಸ್ಯೆಗೆ ಮೊದಲೇ ಹೊರಡುತ್ತಾಳಲ್ಲ ಎಂಬ ಸಮಾಧಾನಕ್ಕೆ ಒಪ್ಪಿಕೊಂಡಿದ್ದರು. ಅತ್ತ ತರಗತಿಗಳು ಶುರುವಾಗುವ ದಿನ ಗಟ್ಟಿ. ತಾರೀಕು ಮುಂದಕ್ಕೆ ಹೋಗುವಂತಿರಲಿಲ್ಲ.

ನಮ್ಮ ಕಡೆ ಮಕ್ಕಳು ವಿದೇಶಕ್ಕೆ ಹೊರಟರೆ ಟೆಂಪೋ ಟ್ರಾವೆಲರ್ ತುಂಬ ಜನ ಬೀಳ್ಕೊಡಲು ಹೋಗುವುದುಂಟು. ಇಲ್ಲಿಯೂ ಆಗಸ್ಟ್ 1ರ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಮನೆಯ ನಾಲ್ವರಿಗೂ ಟಿಕೆಟ್ ಆಗಿತ್ತು. ದೊಡ್ಡಪ್ಪನ ಮನೆಯವರು ಮಾವನ ಕಾರಿನಲ್ಲಿ ಬರುವುದೆಂದು ಮಾತಾಗಿತ್ತು.

ಸಮಸ್ಯೆ

ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಮಂಗಳೂರು–ಬೆಂಗಳೂರು ರೈಲು ನಿಂತಿತು. ಇಂಥ ಸುದ್ದಿ ಬಂದಾಗ ಹೆಚ್ಚಿನವರು ಮಾಡುವುದನ್ನೇ ತಂದೆಯೂ ಮಾಡಿದರು: ಕಾದರು. ರದ್ದತಿಯ ಪ್ರಕಟಣೆ ಕಂತು ಕಂತಾಗಿ ಬರುತ್ತಿತ್ತು. ನಾಳೆಯದು ರದ್ದು, ನಾಡಿದ್ದಿನದು ರದ್ದು. ಆಗಸ್ಟ್ 1ರ ಟಿಕೆಟ್ ಮಾತ್ರ ಆ್ಯಪಿನಲ್ಲಿ ಇನ್ನೂ ಜೀವಂತವಾಗಿಯೇ ಕಾಣುತ್ತಿತ್ತು. “ಅಷ್ಟರೊಳಗೆ ಸರಿ ಮಾಡ್ತಾರೆ” ಎಂಬುದು ತಂದೆಯ ಮಾತು. ಮಗಳಿಗೆ ಧೈರ್ಯ ಸಾಲಲಿಲ್ಲ. ಅದೇ ರಾತ್ರಿಗೆ ಸ್ಲೀಪರ್ ಬಸ್ಸಿನಲ್ಲೂ ಸೀಟು ಹಿಡಿದಳು. ಈಗ ಟಿಕೆಟ್ ಎರಡಾಯಿತು, ಮನೆಯವರ ಮನಸ್ಸೂ ಹಗುರವಾಯಿತು.

ಆ ನಿರಾಳತೆ ನಾಲ್ಕು ದಿನ ಬಾಳಿತು. ಜುಲೈ 30ರಂದು ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಶಿರಾಡಿ ಘಾಟಿಯ ರಸ್ತೆ, ಎಂದರೆ ರಾಷ್ಟ್ರೀಯ ಹೆದ್ದಾರಿ 75, ಬಂದ್ ಆಯಿತು. ವಯನಾಡಿನ ಮುಂಡಕ್ಕೈ, ಚೂರಲ್ಮಲೆ ಮಣ್ಣಿನಡಿ ಹೋದದ್ದೂ ಅದೇ ದಿನ. ಬೆಳಗಿನಿಂದ ಟಿ.ವಿ.ಯಲ್ಲಿ ಅದನ್ನೇ ನೋಡುತ್ತ ಕೂತಿದ್ದ ಅಜ್ಜಿ ಸಂಜೆಯ ಹೊತ್ತಿಗೆ ಊಟ ಬೇಡ ಎಂದರು.

ಈ ಪ್ರಕರಣದ ಮೊದಲ ತಿರುವು ಆ ರಾತ್ರಿ ಅಡುಗೆಮನೆಯಲ್ಲಿ. ಮಗಳು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಎರಡು ಗೆರೆ ಎಳೆದಳು: ಒಂದು ರೈಲು, ಒಂದು ಬಸ್ಸು. ಮಾವ ಪೆನ್ನು ತೆಗೆದುಕೊಂಡು ಎರಡೂ ಗೆರೆಗಳನ್ನು ದಾಟುವ ಹಾಗೆ ಒಂದು ವೃತ್ತ ಹಾಕಿದರು. “ನೋಡಿ ಭಾವ, ಎರಡೂ ಹೋಗುದು ಇಲ್ಲಿಂದಲೇ. ಟಿಕೆಟ್ ಎರಡುಂಟು, ಘಾಟಿ ಒಂದೇ.”

ಅವರ ಮಾತು ಅಕ್ಷರಶಃ ನಿಜ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿ.ಮೀ. ರೈಲು ದಾರಿ 57 ಸುರಂಗಗಳನ್ನು ದಾಟಿ ಹತ್ತುವುದೂ, ಶಿರಾಡಿ ರಸ್ತೆ ಹತ್ತುವುದೂ ಅಕ್ಕಪಕ್ಕದ ಇಳಿಜಾರುಗಳಲ್ಲೇ. ಒಂದೇ ಮಳೆ, ಒಂದೇ ಬಗೆಯ ಮಣ್ಣು. ಇವರ ಮೊದಲ ಏರ್ಪಾಟು ಮುರಿದು ಬಿದ್ದ ಜಾಗದಲ್ಲೇ ಎರಡನೆಯದೂ ಮುರಿಯುವುದಿತ್ತು. ಮಾವನ ಕಾರನ್ನೂ ಲೆಕ್ಕಕ್ಕೆ ಹಿಡಿದರೆ ಮೂರು ದನಗಳನ್ನು ಒಂದೇ ಗೂಟಕ್ಕೆ ಕಟ್ಟಿ ಹಾಕಿದ ಹಾಗಿತ್ತು. ಗೂಟ ಕಿತ್ತರೆ ಮೂರೂ ಹೋದವು.

ಏನೇನು ನೋಡಿದರು

ಬೇರೆ ದಾರಿಗಳ ಹುಡುಕಾಟ ಅಲ್ಲಿಂದ ಶುರು. ಚಾರ್ಮಾಡಿ ಬೇಡ ಎಂದು ಮಾವ ಮೊದಲೇ ಹೇಳಿದರು. ಶಿರಾಡಿ ಮುಚ್ಚಿದರೆ ಅಲ್ಲಿಯ ವಾಹನವೆಲ್ಲ ಅತ್ತ ತಿರುಗುತ್ತದೆ, ಕಿರಿದಾದ ರಸ್ತೆಯಲ್ಲಿ ಒಂದು ಲಾರಿ ಅಡ್ಡ ನಿಂತರೆ ದಿನವೇ ಹೋಯಿತು. ಸಂಪಾಜೆಯಲ್ಲಿ ಅದೇ ತಿಂಗಳು ಕರ್ತೋಜಿ ಬಳಿ ಕುಸಿಯುವ ಭಯದಿಂದ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಿದ್ದರು. ಕುದುರೆಮುಖದ ದಾರಿ ಸುತ್ತು, ಕಾಡಿನ ನಡುವೆ ಸಹಾಯಕ್ಕೆ ಜನ ಸಿಗುವುದಿಲ್ಲ. ಉಳಿದದ್ದು ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ಕಾರಿನವರಿಗೆ ಅದು ಒಂದು ರೀತಿಯಲ್ಲಿ ಅನುಕೂಲವೇ. ಆದರೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುವ ಊರು ಅದು. ಹದಿನಾಲ್ಕು ತಿರುವು, ಮೇಲೆ ಮಂಜು, ಕೆಳಗೆ ಹೆಬ್ರಿಯ ಕಡೆ ರಸ್ತೆಗೆ ಬಾಗಿದ ಮರಗಳು. ಆ ವಾರ ಮಳೆಗಿಂತ ಗಾಳಿಯೇ ಹೆಚ್ಚು ಹೆದರಿಸುತ್ತಿತ್ತು.

ಇನ್ನೊಂದು ಮಂಗಳೂರಿನ ವಿಮಾನ. ಬಜ್ಪೆಯಲ್ಲಿ ರನ್‌ವೇ ಗುಡ್ಡದ ಮೇಲಿದೆ. ಮೋಡ ಕೆಳಗಿಳಿದು ಕಣ್ಣಿಗೆ ರನ್‌ವೇ ಸಿಗದಿದ್ದರೆ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ಕಳಿಸಿಬಿಡುತ್ತಾರೆ. ಆಗ ಇಲ್ಲಿಂದ ಹೊರಡಬೇಕಾದವರಿಗೂ ವಿಮಾನ ಇಲ್ಲ. ಹಾಗಿದ್ದರೂ ಇದರಲ್ಲಿ ಒಂದು ಗುಣವಿತ್ತು. ಇದು ಕೆಡುವ ಕಾರಣವೇ ಬೇರೆ. ಮಣ್ಣು ಜರಿದರೂ ವಿಮಾನ ಹಾರಬಹುದು, ಮೋಡ ಮುಸುಕಿದರೂ ಕಾರು ಓಡಬಹುದು. ಮನೆಯವರಿಗೆ ಸಿಕ್ಕ ಮೊದಲ ನಿಜವಾದ ಬದಲಿ ಇದು.

ಎರಡನ್ನೂ ಇಟ್ಟುಕೊಳ್ಳೋಣ ಎಂದಾಯಿತು. ಯಾವುದು ಮೊದಲು ಎಂಬಲ್ಲಿ ಜಗಳವಾಯಿತು. ತಂದೆಗೆ ಆಗಸ್ಟ್ 2ರ ಬೆಳಗಿನ ವಿಮಾನವೇ ಮೊದಲು, ಅದು ತಪ್ಪಿದರೆ ಕಾರು. ಮಗಳು ಒಪ್ಪಲಿಲ್ಲ. ಬೆಳಗ್ಗೆ ವಿಮಾನ ರದ್ದಾಗಿ, ಅಲ್ಲಿಂದ ಹೊರಟು, ದಾರಿಯಲ್ಲಿ ಮರ ಬಿದ್ದಿದ್ದರೆ ಮುಗಿಯಿತಲ್ಲ? ರಸ್ತೆಯಿಂದ ಶುರು ಮಾಡಿದರೆ, ಅದು ಕೈಕೊಟ್ಟರೂ ವಿಮಾನಕ್ಕೆ ಸಮಯ ಉಳಿಯುತ್ತದೆ. ಹೊತ್ತು ತಿನ್ನುವುದು ಮೊದಲು, ಹೊತ್ತು ಉಳಿಸುವುದು ಆಮೇಲೆ. ಇಪ್ಪತ್ಮೂರು ವರ್ಷದ ಹುಡುಗಿ ಈ ಲೆಕ್ಕ ಹಾಕಿದ್ದು ನನಗೆ ಬಹಳ ಮೆಚ್ಚಿಗೆಯಾಯಿತು. ಮಕ್ಕಳು ಸಣ್ಣವರು ಎಂದು ಇಂಥ ಮಾತುಕತೆಯಿಂದ ಹೊರಗಿಡುವ ಮನೆಗಳು ಎಷ್ಟೋ ಇವೆ.

ಮಾವ ಒಂದು ಷರತ್ತು ಹಾಕಿದರು. “ನಾಳೆ ಬೆಳಿಗ್ಗೆಯೇ ಹೊರಡುವ. ಸೋಮೇಶ್ವರ, ಹನ್ನೊಂದು ಗಂಟೆ. ಅಷ್ಟೊತ್ತಿಗೆ ಘಾಟಿ ಹತ್ತಲಿಕ್ಕೆ ಆಗದಿದ್ದರೆ ನಾನು ಗಾಡಿ ತಿರುಗಿಸ್ತೇನೆ. ಅಲ್ಲಿ ನಿಂತು ಮಾತಾಡ್ಲಿಕ್ಕಿಲ್ಲ.” ಜುಲೈ 31 ಎಂದರೆ ವಿಮಾನಕ್ಕೆ ಎರಡು ದಿನಕ್ಕೂ ಮೊದಲು. ಹನ್ನೊಂದಕ್ಕೆ ತಿರುಗಿದರೆ ಮಧ್ಯಾಹ್ನ ಮನೆ, ಸಾಮಾನು ಕಡಿಮೆ ಮಾಡಿಕೊಂಡು 2ರ ವಿಮಾನ. ಹತ್ತಿದರೆ ಬೆಳಕಿರುವಾಗಲೇ ಶಿವಮೊಗ್ಗ.

ಈ ಷರತ್ತು ಎಷ್ಟು ಮುಖ್ಯವಾದದ್ದು ಎಂದು ತಿಳಿಯಬೇಕಾದರೆ ಕೊಂಕಣ ರೈಲ್ವೆಯನ್ನು ನೋಡಬೇಕು. ಹೊನ್ನಾವರದ ಶರಾವತಿ ಸೇತುವೆ, ಗೋವಾದ ಮಾಂಡವಿ, ಜುವಾರಿ ಸೇತುವೆಗಳಲ್ಲಿ, ರತ್ನಾಗಿರಿಯ ಪಣವಲ್ ಸೇತುವೆಯಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ ಕೂರಿಸಿದ್ದಾರೆ. ಗಾಳಿಯ ಮೇಲೆ ಹೀಗೆ ಕಣ್ಣಿಟ್ಟೇ ರೈಲು ಬಿಡುವುದು. ಸೇತುವೆಯ ಬಾಯಿಗೆ ಬಂದು ನಿಂತ ಚಾಲಕನ ಧೈರ್ಯಕ್ಕೆ ಅದನ್ನು ಬಿಟ್ಟಿಲ್ಲ. ಮನೆಯಿಂದ ಹೊರಡುವ ಕಾರಿಗೂ ಇಂಥದೊಂದು ಮಿತಿ ಯಾಕೆ ಇರಬಾರದು?

ಸಾಮಾನು ಕಟ್ಟಿದ ರೀತಿಯನ್ನೂ ಹೇಳಬೇಕು. ಅಂತರರಾಷ್ಟ್ರೀಯ ಟಿಕೆಟ್ಟಿಗೆ 23 ಕಿಲೋದ ಎರಡು ಸೂಟ್‌ಕೇಸ್. ಮಂಗಳೂರಿನ ವಿಮಾನಕ್ಕೆ 15 ಕಿಲೋ ಮಾತ್ರ, ಮೇಲಿನದಕ್ಕೆ ದುಡ್ಡು. ಹಾಗಾಗಿ ರಾತ್ರಿಯೇ ಬಿಚ್ಚಿ ಮತ್ತೆ ತುಂಬಿದರು. ಬಿಟ್ಟು ಹೋಗಲಾಗದ್ದು ಒಂದರಲ್ಲಿ, ಬಿಟ್ಟು ಹೋದರೂ ನಡೆಯುವುದು ಇನ್ನೊಂದರಲ್ಲಿ. ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಾರಿನ ಪುಡಿ ಎಲ್ಲ ಎರಡನೆಯದಕ್ಕೆ ಹೋದದ್ದು ನೋಡಿ ತಾಯಿಗೆ ಬೇಸರವಾಯಿತಂತೆ. ಪಾಸ್‌ಪೋರ್ಟ್, ಅಲ್ಲಿಯ ವಿಶ್ವವಿದ್ಯಾಲಯ ಕೊಟ್ಟ ಐ-20 ಪತ್ರ, ಬ್ಯಾಂಕಿನ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೈಚೀಲಕ್ಕೆ.

ಕೊನೆಯ ನಿರ್ಧಾರ ತಾಯಿಯದು, ಎಲ್ಲಕ್ಕಿಂತ ಕಷ್ಟದ್ದೂ ಹೌದು. ಮಗಳ ಜೊತೆ ವಿಮಾನ ನಿಲ್ದಾಣದವರೆಗೆ ಹೋಗಬೇಕೆಂದು ತಿಂಗಳುಗಳಿಂದ ಆಸೆ ಇಟ್ಟುಕೊಂಡವರು ಅವರೇ. “ಅತ್ತೆಯನ್ನು ಈ ಗಾಳಿಯಲ್ಲಿ ಗಟ್ಟ ಹತ್ತಿಸ್ಲಿಕ್ಕೆ ಆಗುದಿಲ್ಲ, ಒಬ್ರನ್ನೇ ಬಿಡ್ಲಿಕ್ಕೂ ಆಗುದಿಲ್ಲ. ನಾನು ಇರ್ತೇನೆ, ನೀವು ಮೂರು ಜನ ಹೋಗಿ” ಎಂದರು. ಯಾರೂ ಅವರನ್ನು ಕೇಳಿಕೊಂಡಿರಲಿಲ್ಲ. ದೊಡ್ಡಪ್ಪನವರಿಗೆ ಬರಬೇಡಿ ಎಂದು ಫೋನ್ ಮಾಡಿದವರೂ ಅವರೇ.

ಏನಾಯಿತು

31ರ ಬೆಳಿಗ್ಗೆ ಬೆಳಕು ಹರಿಯುವಾಗ ಕಾರು ಹೊರಟಿತು. ಹೆಬ್ರಿ ದಾಟುವವರೆಗೆ ತೊಂದರೆ ಇರಲಿಲ್ಲ. ಸೋಮೇಶ್ವರಕ್ಕೆ ಇನ್ನೂ ಸ್ವಲ್ಪ ಇರುವಾಗ ಮುಂದೆ ಏಳೆಂಟು ವಾಹನ ನಿಂತಿದ್ದವು. ದೊಡ್ಡದೊಂದು ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಅದರ ಜೊತೆಗೆ ವಿದ್ಯುತ್ ತಂತಿಯೂ ಬಂದು ಕೊಂಬೆಗಳ ನಡುವೆ ಸಿಕ್ಕಿಕೊಂಡಿತ್ತು. ಎದುರಿನ ಜೀಪಿನಿಂದ ಇಬ್ಬರು ಇಳಿದು ಕೊಂಬೆ ಎಳೆಯಲು ಹೊರಟಿದ್ದರು. ತಂದೆಯೂ ಬಾಗಿಲು ತೆಗೆದರು. ಮಾವ ಅವರ ತೋಳು ಹಿಡಿದರು. “ಇಳಿಬೇಡಿ ಭಾವ. ಲೈನ್ ಉಂಟು.” ಆಮೇಲೆ ಹಾರ್ನ್ ಒತ್ತಿ, ಕಿಟಕಿಯಿಂದ ಕೂಗಿ ಆ ಇಬ್ಬರನ್ನೂ ನಿಲ್ಲಿಸಿದರು.

ಅಲ್ಲಿ ಕರೆಂಟು ಇತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಕಣ್ಣಿಗೆ ಕಾಣುವಂಥದ್ದಲ್ಲ ಅದು. ಒದ್ದೆ ಮರ, ಒದ್ದೆ ರಸ್ತೆ, ಕಾಲಡಿ ಹರಿಯುವ ನೀರು. ತಂತಿ ಮುಟ್ಟದೆಯೂ ಜೀವ ಹೋಗಬಹುದು. ವಿದ್ಯುತ್ ಕಂಪೆನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿದರು, ಕರೆ ಸಿಗಲು ಬಹಳ ಹೊತ್ತು ಹಿಡಿಯಿತು. ಅಲ್ಲಿಯವರೊಬ್ಬರು ತಮಗೆ ಪರಿಚಯವಿದ್ದ ಲೈನ್‌ಮ್ಯಾನ್‌ಗೆ ನೇರ ಫೋನ್ ಮಾಡಿದ ಮೇಲೆಯೇ ಲೈನ್ ಆಫ್ ಆದದ್ದು ಖಚಿತವಾಯಿತು. ಊರಿನ ಹುಡುಗರು ಮರ ಕೊಯ್ಯುವ ಮೆಷಿನ್ ತಂದರು. ಗಂಟೆ ಹತ್ತೂವರೆ ದಾಟಿತು. ತಂದೆ ಹನ್ನೊಂದರ ಷರತ್ತಿನ ಬಗ್ಗೆ ಮಾತು ತೆಗೆದಾಗ ಮಾವ ಉತ್ತರಿಸಲೇ ಇಲ್ಲ. ಕಾರನ್ನು ತಿರುಗಿಸಲು ಅನುಕೂಲವಾಗುವ ಹಾಗೆ ಬದಿಗೆ ಹಾಕಿ ನಿಲ್ಲಿಸಿದರು. ಹತ್ತೂ ಮುಕ್ಕಾಲಿಗೆ ಒಂದು ಗಾಡಿ ಹೋಗುವಷ್ಟು ಜಾಗ ಆಯಿತು.

ಘಾಟಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಂಜಿನಲ್ಲಿ ನಿಧಾನವಾಗಿ ಹತ್ತಿದರು. ಸಂಜೆಯ ಮೊದಲೇ ಶಿವಮೊಗ್ಗ ತಲುಪಿ ಪರಿಚಯದವರ ಮನೆಯಲ್ಲಿ ಉಳಿದರು, ಮರುದಿನ ಬೆಳಗಿನ ರೈಲಿಗೆ ತಂದೆ ಮಗಳು ಬೆಂಗಳೂರು ಸೇರಿದರು. ಶಿವಮೊಗ್ಗ ತಲುಪಿದ ಮೇಲೆಯೇ ಮಂಗಳೂರಿನ ವಿಮಾನದ ಟಿಕೆಟ್ ರದ್ದು ಮಾಡಿದ್ದು. ಹೆಚ್ಚಿನ ದುಡ್ಡು ವಾಪಸ್ ಬರಲಿಲ್ಲ. ಪಂಚಗಂಗಾ ರದ್ದಾಗಿ ಅದರ ಹಣ ಪೂರ್ತಿ ಬಂತು. ಮಾವ ಶಿವಮೊಗ್ಗದಲ್ಲೇ ಉಳಿದು ಗಾಳಿ ತಗ್ಗಿದ ಮೇಲೆ ಹಗಲಲ್ಲಿ ಇಳಿದರು.

ಪ್ರಯಾಣ ಗೆದ್ದಿತು. ಪ್ರಕರಣ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಮನೆಯ ಕಡೆ ಆದದ್ದು

ಕಾರು ಹೊರಟ ದಿನ ಮಧ್ಯಾಹ್ನವೇ ಮನೆಯ ಹತ್ತಿರ ಹಲಸಿನ ಮರದ ದೊಡ್ಡ ಕೊಂಬೆ ಮುರಿದು ಲೈನಿನ ಮೇಲೆ ಬಿತ್ತು, ಕಂಬವೂ ತುಂಡಾಯಿತು. ಕರೆಂಟು ಹೋಯಿತು. ರಾತ್ರಿಯ ಹೊತ್ತಿಗೆ ಇನ್ವರ್ಟರ್ ಕೈಬಿಟ್ಟಿತು. ಬಾವಿಯಲ್ಲಿ ಕೈಗೆ ಎಟಕುವಷ್ಟು ಮೇಲೆ ನೀರು ನಿಂತಿದ್ದರೂ ಎತ್ತುವ ದಾರಿ ಇರಲಿಲ್ಲ: ಪಂಪು ಕೂರಿಸಿದ ವರ್ಷ ರಾಟೆ ಬಿಚ್ಚಿ ಹಟ್ಟಿಯ ಅಟ್ಟಕ್ಕೆ ಹಾಕಿದ್ದರು, ಹಗ್ಗವನ್ನು ಇಲಿ ಕಡಿದಿತ್ತು. ತಾಯಿ ದನ ಕಟ್ಟುವ ಹಗ್ಗವನ್ನು ಕೊಡಪಾನಕ್ಕೆ ಬಿಗಿದು, ಮಳೆಯಲ್ಲಿ ಜಾರುವ ಕಟ್ಟೆಗೆ ಬಗ್ಗಿ ನೀರೆತ್ತಿದರು. ಮರುದಿನ ಟವರಿನ ಸಿಗ್ನಲ್ಲೂ ಹೋಯಿತು. ಮನೆಯಲ್ಲಿ ಎರಡು ಕಂಪೆನಿಯ ಸಿಮ್ ಇದ್ದವು. ಆದರೆ ಎರಡೂ ಕಂಪೆನಿಯವರ ಯಂತ್ರ ಇದ್ದದ್ದು ಗುಡ್ಡದ ಮೇಲಿನ ಒಂದೇ ಟವರಿನಲ್ಲಿ.

ಅಡುಗೆಮನೆಯ ಹಾಳೆಯಲ್ಲಿ ಮಾವ ಹಾಕಿದ್ದ ವೃತ್ತವನ್ನು ಮನೆಯ ಸುತ್ತ ಯಾರೂ ಹಾಕಿ ನೋಡಿರಲಿಲ್ಲ. ನೀರು, ದೀಪ, ಫೋನು ಮೂರೂ ನಿಂತದ್ದು ಒಂದೇ ವಿದ್ಯುತ್ ಸಾಲಿನ ಮೇಲೆ. ಎಲ್ಲರ ಯೋಚನೆಯೂ ಹೊರಟವರ ಬಗ್ಗೆ ಇತ್ತು. ಗಾಳಿ ಜೋರಾಗಿದ್ದ ವಾರದಲ್ಲೇ ಮನೆಯ ಗಟ್ಟಿಯಾಳುಗಳಿಬ್ಬರೂ ಘಟ್ಟದ ಮೇಲೆ, ಒಬ್ಬ ಹೆಂಗಸು ಮತ್ತು ಎಂಬತ್ತು ದಾಟಿದ ಅಜ್ಜಿ ಕೆಳಗೆ.

2ರ ರಾತ್ರಿ ಮಗಳು ವಿಮಾನ ನಿಲ್ದಾಣದಿಂದ ಫೋನ್ ಮಾಡುತ್ತಲೇ ಇದ್ದಳು, ಸಿಗಲಿಲ್ಲ. ಅತ್ತ ತಾಯಿಗೂ ತಡೆಯಲಾಗಲಿಲ್ಲ. ಪಕ್ಕದ ಮನೆಯ ಹುಡುಗನ ಬೈಕಿನ ಹಿಂದೆ ಕೂತು, ಆ ಕತ್ತಲಲ್ಲಿ ಮುಖ್ಯರಸ್ತೆಯ ಅಂಗಡಿಯವರೆಗೆ ಬಂದರು. ಅಲ್ಲಿ ಸಿಗ್ನಲ್ ಸಿಕ್ಕಿತು, ತಾಯಿ ಮಗಳು ಮಾತಾಡಿದರು, ಇಬ್ಬರೂ ಅತ್ತರು. ಆ ಮಾತುಕತೆಯ ಬೆಲೆ ನನಗೆ ಗೊತ್ತು. ಆದರೂ ಹೇಳಲೇಬೇಕು: ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ಪ್ರಯಾಣ ಆಗುಂಬೆಯದ್ದಲ್ಲ, ಆ ಬೈಕಿನದು. ಮುರಿದ ಕಂಬ, ಜೋತುಬಿದ್ದ ತಂತಿ, ಬೆಳಕಿಲ್ಲದ ದಾರಿ. ಹೊರಡುವವರ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ.

ಪ್ರಕರಣದಿಂದ ತೆಗೆದುಕೊಳ್ಳಬಹುದಾದದ್ದು

ಬದಲಿ ವ್ಯವಸ್ಥೆ ಎಂದು ಏನನ್ನು ಮಾಡಿಕೊಂಡರೂ ಒಂದು ಪ್ರಶ್ನೆ ಕೇಳಬೇಕು: ಮೊದಲನೆಯದು ಕೆಟ್ಟ ಕಾರಣಕ್ಕೇ ಇದೂ ಕೆಡುತ್ತದೆಯೇ? ಕೆಡುವುದಾದರೆ ಅದು ಬದಲಿಯಲ್ಲ, ಮೊದಲನೆಯದಕ್ಕೇ ಇನ್ನೊಂದು ಹೆಸರು. ಈ ಮನೆಯವರು ರಸ್ತೆಯ ವಿಷಯದಲ್ಲಿ ಇದನ್ನು ಸಮಯಕ್ಕೆ ಸರಿಯಾಗಿ ಕೇಳಿಕೊಂಡರು, ಮನೆಯ ವಿಷಯದಲ್ಲಿ ಕೇಳಿಕೊಳ್ಳಲಿಲ್ಲ.

ಹವಾಮಾನ ಇಲಾಖೆಯ ಎಚ್ಚರಿಕೆಯ ಬಣ್ಣಗಳನ್ನು ಓದುವ ಬಗ್ಗೆ ಒಂದು ಮಾತು. 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಮಳೆಯ ಸಂಭವಕ್ಕೆ ಆರೆಂಜ್ ಅಲರ್ಟ್, ಅದಕ್ಕೂ ಮೇಲೆ ರೆಡ್. ನಮ್ಮಲ್ಲಿ ಎಲ್ಲರೂ ನೋಡುವುದು ಉಡುಪಿ, ದಕ್ಷಿಣ ಕನ್ನಡದ ಬಣ್ಣ, ಅದೂ ಶಾಲೆಗೆ ರಜೆ ಉಂಟೋ ಎಂದು. ಘಟ್ಟ ಹತ್ತುವವರು ಹಾಸನ, ಚಿಕ್ಕಮಗಳೂರು, ಶಿವಮೊಗ್ಗದ ಬಣ್ಣವನ್ನೂ ನೋಡಬೇಕು. ಹಿಂದಿನ ದಿನಗಳಲ್ಲಿ ಸುರಿದದ್ದೂ ಲೆಕ್ಕಕ್ಕೆ ಬರುತ್ತದೆ; ನೀರು ಕುಡಿದು ಭಾರವಾದ ಗುಡ್ಡ ಮಳೆ ನಿಂತ ಮೇಲೂ ಜರಿಯಬಹುದು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯಲ್ಲಿ ಹವಾಮಾನದ ಮಾಹಿತಿ ಸಿಗುತ್ತದೆ, ಜಿಲ್ಲಾ ಕಂಟ್ರೋಲ್ ರೂಮಿಗೆ 1077.

ಮನೆಯಲ್ಲಿ ಈಗ ರಾಟೆ ಬಾವಿಯ ಮೇಲಿದೆ, ನೈಲಾನ್ ಹಗ್ಗ ಬಂದಿದೆ. ಲೈನಿಗೆ ಬಾಗಿದ ಕೊಂಬೆಗಳನ್ನು ಮಳೆಗೆ ಮೊದಲೇ ಮೆಸ್ಕಾಂನವರಿಗೆ ಹೇಳಿ, ಲೈನ್ ಆಫ್ ಮಾಡಿಸಿ ಕಡಿಸುತ್ತಾರೆ. ಫೋನಿನ ಬಗ್ಗೆ ಮಾಡಿಕೊಂಡ ಒಪ್ಪಂದ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಗಾಳಿಮಳೆಯ ದಿನ ಸುದ್ದಿ ಇಲ್ಲದಿದ್ದರೆ ಟವರ್ ಇಲ್ಲ ಎಂದೇ ತಿಳಿಯುವುದು, ರಾತ್ರಿ ಯಾರೂ ಹುಡುಕಿಕೊಂಡು ಹೊರಡುವುದಿಲ್ಲ, ಬೆಳಗಾದ ಮೇಲೆ ಪಕ್ಕದ ಮನೆಯವರು ಬಂದು ನೋಡುವುದು. ಆ ವರ್ಷ ಡಿಸೆಂಬರ್ ಆರಂಭದಲ್ಲಿ, ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಉಳಿಕೆ ಇತ್ತ ಬಂದು ಎರಡೂ ಜಿಲ್ಲೆಗಳಲ್ಲಿ ಶಾಲೆಗೆ ರಜೆ ಕೊಟ್ಟಾಗ ಈ ಒಪ್ಪಂದದ ಮೊದಲ ಪರೀಕ್ಷೆ ನಡೆಯಿತು. ರಾತ್ರಿ ಯಾರೂ ಬೈಕು ಹತ್ತಲಿಲ್ಲ.

ಮಗಳಿಗೂ ಅದೇ ಚಳಿಗಾಲದಲ್ಲಿ ಅಲ್ಲಿಯ ಬಿರುಗಾಳಿಯ ಪರಿಚಯವಾಯಿತು. ರಜೆಗೆ ಇನ್ನೊಂದು ಊರಿನ ಸ್ನೇಹಿತೆಯ ಮನೆಗೆ ಹೋಗಲು ವಿಮಾನ ಹಿಡಿದಿದ್ದಳು, ಶಿಕಾಗೋದಲ್ಲಿ ಬದಲಿಸಬೇಕಿತ್ತು. ಹಿಮಗಾಳಿಯ ಎಚ್ಚರಿಕೆ ಬಂದಾಗ ಜೊತೆಯವರು ಇನ್ನೊಂದು ಕಂಪೆನಿಯ ಟಿಕೆಟ್ ತೋರಿಸಿದರು. ಅದೂ ಶಿಕಾಗೋ ಮೇಲಿಂದಲೇ. ಅದನ್ನು ಬಿಟ್ಟಳು. ಇಂಥ ಹೊತ್ತಿನಲ್ಲಿ ಅಲ್ಲಿಯ ವಿಮಾನ ಕಂಪೆನಿಗಳು ಎಷ್ಟೋ ಸಲ ಬಿರುಗಾಳಿ ಮುಟ್ಟುವ ಮೊದಲೇ ಶುಲ್ಕವಿಲ್ಲದೆ ದಿನ ಬದಲಿಸಲು ಬಿಡುತ್ತವೆ. ಅವಳು ಒಂದು ದಿನ ಮುಂಚೆಯೇ ಹೊರಟಳು.

ಒಂದು ವಿಷಯದಲ್ಲಿ ಮನೆಯೊಳಗೆ ಇನ್ನೂ ಒಮ್ಮತವಿಲ್ಲ. ಆಗುಂಬೆ ಹತ್ತಿದ್ದೇ ತಡವಾಯಿತು ಎನ್ನುತ್ತಾರೆ ಮಾವ. ಜುಲೈ 28 ಭಾನುವಾರ, ಶಿರಾಡಿ ಇನ್ನೂ ತೆರೆದಿತ್ತು, ರೈಲು ನಿಂತು ಎರಡು ದಿನವಾಗಿತ್ತು. ಅವತ್ತೇ ಹೊರಟಿದ್ದರೆ ತಾಯಿ, ಅಜ್ಜಿ ಇಬ್ಬರನ್ನೂ ಕರೆದುಕೊಂಡು ಹೋಗಬಹುದಿತ್ತು ಎಂಬುದು ಅವರ ವಾದ. ಐದು ದಿನ ಮೊದಲೇ ಬೆಂಗಳೂರಿಗೆ ಹೋಗಿ ಲಾಡ್ಜಿನಲ್ಲಿ ಕೂರುವಷ್ಟು ಅನುಕೂಲ ಎಲ್ಲ ಮನೆಗಳಿಗೂ ಇರುವುದಿಲ್ಲ ಎಂಬುದು ತಂದೆಯದು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು ಆಗಸ್ಟ್ 8ರ ಹೊತ್ತಿಗೆ. ಅದಾದ ಎರಡೇ ದಿನಕ್ಕೆ ಬಾಳ್ಳುಪೇಟೆ ಮತ್ತು ಸಕಲೇಶಪುರದ ನಡುವೆ ಹಳಿಗೆ ಮತ್ತೆ ಮಣ್ಣು ಬಿತ್ತು. ಅಜ್ಜಿಯನ್ನು ಕೇಳಿದರೆ ಅವರು ಮಾವನ ಪಕ್ಷ.